ಚೌರಪ್ಪನವರ ಎಡಗಾಲು

ಕೆಂಗೇರಿಯಲ್ಲಿ ಕೆಟ್ಟ ವಾಸನೆ ಬಂದರೆ ಯಾರೂ ಮನೆಯೊಳಗೆ ಹುಡುಕುವುದಿಲ್ಲ. ವೃಷಭಾವತಿಯ ಮೇಲೆ ಹಾಕಿ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಅರ್ಧ ಊರಿನ ಕೊಳಚೆ ಹೊತ್ತು ಹರಿಯುವ ಆ ನದಿ ನಮ್ಮ ಮನೆಗೆ ಕೂಗಳತೆಯ ದೂರದಲ್ಲಿದೆ. ಗಾಳಿ ಆ ಕಡೆಯಿಂದ ಬೀಸಿದ ದಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತದೆ. ಹೊಸಬರು ಮೂಗು ಮುಚ್ಚುತ್ತಾರೆ, ಹಳಬರು ಮಾತು ಮುಂದುವರಿಸುತ್ತಾರೆ. ಮದುವೆಯಾಗಿ ಬಂದ ಮೂರನೆಯ ವರ್ಷಕ್ಕೆ ನಾನೂ ಹಳಬಳಾಗಿದ್ದೆ.

ಮೊನ್ನೆ ಕಾಲೇಜು ಮುಗಿಸಿ ಮೆಟ್ರೋ ಇಳಿದು ಮೆಟ್ಟಿಲ ಬಳಿ ಬಂದಾಗ ಅದೇ ವಾಸನೆ ಗಪ್ಪನೆ ಹೊಡೆಯಿತು. ನನ್ನ ಕಣ್ಣು ತಾನಾಗಿ ಮುಂದೆ ಇಳಿಯುತ್ತಿದ್ದ ಹಿರಿಯರೊಬ್ಬರ ಕಾಲಿನ ಕಡೆಗೆ ಹೋಯಿತು. ಅವರು ಒಳ್ಳೆಯ ಚಪ್ಪಲಿ ಹಾಕಿದ್ದರು, ಚುರುಕಾಗಿ ನಡೆಯುತ್ತಿದ್ದರು. ಆದರೂ ನಾನು ಓಡತೊಡಗಿದೆ. ಮನೆಗೆ ಬಂದು ಚೀಲ ಕೆಳಗಿಡುವ ಮೊದಲೇ ಕೇಳಿದೆ, "ಮಾವ, ಕಾಲು ತೋರಿಸಿ."

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಆ ಕಾಲು ನಮ್ಮ ಕೈತಪ್ಪಿ ಹೋಗುವುದರಲ್ಲಿತ್ತು. ಕಾಲಿನ ಜೊತೆ ಮಾವನೂ. ಅದೂ ದೂರದಲ್ಲೆಲ್ಲೋ ಅಲ್ಲ, ನಾನು ದಿನಕ್ಕೆರಡು ಸಲ ನೆಲ ಒರೆಸುವ ಮನೆಯಲ್ಲೇ.

ನಾನು ಹುಟ್ಟಿ ಬೆಳೆದದ್ದು ಬಸವೇಶ್ವರನಗರದಲ್ಲಿ. ಅಪ್ಪ ಅಮ್ಮ ದಾವಣಗೆರೆ ಕಡೆಯವರು. ಬೆಳಿಗ್ಗೆ ಎದ್ದರೆ ಹಣೆಗೆ ವಿಭೂತಿ, ಕೈಯಲ್ಲಿ ಇಷ್ಟಲಿಂಗ. ಲಾರೆನ್ಸ್‌ನನ್ನು ಮದುವೆಯಾಗುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಆದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ. ಅವರ ಅಪ್ಪ ಚೌರಪ್ಪನವರು ಮಾತ್ರ ಹೇಳಿದ್ದು ಒಂದೇ ಮಾತು: "ಹುಡುಗಿ ಬೊಟಾನಿ ಓದಿದಾಳಂತೆ. ನಮ್ಮನೆ ಕರಿಬೇವಿನ ಗಿಡ ಒಣಗ್ತಾ ಇದೆ, ಬೇಗ ಕರ್ಕೊಂಡ್ ಬಾ."

ಮಾವ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು. ಅತ್ತೆ ತೀರಿಹೋದ ಮೇಲೆ ಅವರಿಗೆ ಉಳಿದದ್ದು ಎರಡು ಚಟ, ಚರ್ಚು ಮತ್ತು ಶೂ ಪಾಲಿಶು. ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ಬೆಳಿಗ್ಗೆ ಜಗಲಿಯಲ್ಲಿ ಕೂತು ಕರಿ ಶೂವನ್ನು ಮುಖ ಕಾಣುವ ಹಾಗೆ ಉಜ್ಜುತ್ತಿದ್ದರು. ಮನುಷ್ಯನನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು ಎನ್ನುವುದು ಅವರ ಸಿದ್ಧಾಂತ. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಸಾಲಾಗಿ ಕೂರಿಸುವ ಕೆಲಸವೂ ಅವರದೇ. ಹಾಗೆ ಕೂರಿಸುವಾಗ ಅವರ ಕಣ್ಣು ಮೊದಲು ಬೀಳುತ್ತಿದ್ದದ್ದು ಜನರ ಕಾಲಿನ ಮೇಲೆ.

ಅಂಥವರು ಹೋದ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಬೆಳಿಗ್ಗೆ ಶೂಗಳನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಈಸ್ಟರ್‌ವರೆಗೆ ಬರಿಗಾಲು ಎಂದರು.

ವಿಭೂತಿ ಬುಧವಾರ ನನಗೆ ಪ್ರೀತಿಯ ದಿನ. ಹಿಂದಿನ ವರ್ಷ ಚರ್ಚಿನಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ಎಲ್ಲರ ಹಣೆಗೆ ಹಚ್ಚುತ್ತಾರೆ. ವರ್ಷದಲ್ಲಿ ಅದೊಂದು ದಿನ ಮಾವನ ಹಣೆಯೂ ನಮ್ಮಪ್ಪನ ಹಣೆಯೂ ಒಂದೇ ಥರ ಕಾಣುತ್ತವೆ. ಅವತ್ತು ಆ ಬೂದಿ ಹಚ್ಚಿಕೊಂಡೇ ಲಾರೆನ್ಸ್ ಅಪ್ಪನ ಜೊತೆ ವಾದಕ್ಕಿಳಿದರು.

"ಅಪ್ಪ, ನಿಮಗೆ ಶುಗರ್ ಇದೆ. ಬರಿಗಾಲು ಗಿರಿಗಾಲು ಎಲ್ಲಾ ಬೇಡ. ಕಾಫಿ ಬಿಡಿ, ಟೀವಿ ಬಿಡಿ."

"ಕಾಫಿ ಬಿಟ್ರೆ ನಿಮ್ಮ ಮೇಲೆ ರೇಗಾಡ್ತೀನಿ. ಕಷ್ಟ ನಿಮಗೇ. ಇದಾದ್ರೆ ನಂದೊಬ್ಬಂದೇ."

"ಯಾಕೆ ಅಂತ ಆದ್ರೂ ಹೇಳಿ."

"ದೇವರಿಗೂ ನನಗೂ ಇರೋ ವ್ಯವಹಾರ ಕಣೋ. ನಿನಗ್ಯಾಕೆ ರಶೀದಿ?"

ಅಲ್ಲಿಗೆ ಮಾತು ಮುಗಿಯಿತು. ನಾನು ಅವರ ಪರವಾಗಿಯೂ ಇರಲಿಲ್ಲ, ವಿರೋಧವಾಗಿಯೂ ಇರಲಿಲ್ಲ. ಒಳಗೊಳಗೆ ಸ್ವಲ್ಪ ಹೆಮ್ಮೆ ಪಟ್ಟಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ವಿಜಯನಗರದಲ್ಲಿ ನಾನು ಪಾಠ ಮಾಡುವ ಪಿಯು ಕಾಲೇಜಿನ ಸ್ಟಾಫ್‌ರೂಮಿನಲ್ಲಿ, "ನಮ್ಮ ಮಾವ ಈ ವಯಸ್ಸಲ್ಲಿ ಬರಿಗಾಲಲ್ಲಿ ಇದಾರೆ" ಎಂದು ಹೇಳಿಕೊಂಡೆ. ಕೇಳಿದವರು ಕೈಮುಗಿದಿದ್ದರು.

ಆ ವರ್ಷ ಬಿಸಿಲು ಬೇಗ ಬಂತು. ಶುಕ್ರವಾರ ಶುಕ್ರವಾರ ಸಂಜೆ ಉಪನಗರದ ಬೀದಿಗಳಲ್ಲಿ ಶಿಲುಬೆಹಾದಿ, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದರ ನೆನಪಿನ ಮೆರವಣಿಗೆ. ಹದಿನಾಲ್ಕು ಕಡೆ ನಿಂತು, ಮಂಡಿಯೂರಿ, ಎದ್ದು ನಡೆಯುವುದು. ಹಗಲೆಲ್ಲ ಕಾದ ಟಾರು ಸಂಜೆ ಆರಕ್ಕೂ ತಣ್ಣಗಾಗಿರುತ್ತಿರಲಿಲ್ಲ. ಜನ ಹೊಂಗೆ ಮರದ ನೆರಳು ಹುಡುಕಿ, ಉದುರಿದ ಹೂವಿನ ಮೇಲೆ ಕಾಲಿಟ್ಟು ನಡೆಯುತ್ತಿದ್ದರೆ ಮಾವ ಮರದ ಶಿಲುಬೆಯ ಮುಂದಿನ ತುದಿ ಹಿಡಿದು ರಸ್ತೆಯ ಮಧ್ಯದಲ್ಲೇ ನಡೆಯುತ್ತಿದ್ದರು. ಮೂರನೇ ವಾರ ನಾನು ಪಕ್ಕಕ್ಕೆ ಹೋಗಿ ಕೇಳಿದೆ, "ಮಾವ, ಸುಡಲ್ವಾ?"

ಅವರ ಮುಖ ಬೆಳಗುತ್ತಿತ್ತು. "ಮೊದಲ ವಾರ ಸುಡ್ತಿತ್ತು ಕಣಮ್ಮ. ಈಗ ಏನೂ ಗೊತ್ತಾಗ್ತಿಲ್ಲ. ಹೂವಿನ ಮೇಲೆ ನಡೆದಂಗಿದೆ. ಯೇಸುಸ್ವಾಮಿ ಕೃಪೆ."

ನನ್ನ ಮೈ ಜುಮ್ಮೆಂದಿತು. ಭಕ್ತಿಯಿಂದ. ವಿಜ್ಞಾನ ಓದಿದವಳು ನಾನು. ನರದ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತು ಗೊತ್ತಿದ್ದವಳು. ಅವತ್ತು ಸಂಜೆ ಅದ್ಯಾವುದೂ ನೆನಪಿಗೆ ಬರಲಿಲ್ಲ. ನೋವಿಲ್ಲ ಎಂದರೆ ಒಳ್ಳೆಯದೇ ತಾನೆ ಎಂದುಕೊಂಡೆ.

ಆಮೇಲೆ ಪರೀಕ್ಷೆಗಳು ಬಂದವು. ಬೆಳಿಗ್ಗೆ ಕೊಠಡಿ ಮೇಲ್ವಿಚಾರಣೆ, ಮಧ್ಯಾಹ್ನ ಉತ್ತರಪತ್ರಿಕೆ. ಮನೆಗೆ ಬಂದ ಮೇಲೆ ಹಾಸಿಗೆಗೆ ಬಿದ್ದರೆ ಸಾಕು ಎನಿಸುವ ಸುಸ್ತು. ಆ ದಿನಗಳಲ್ಲಿ ಮಾವನಲ್ಲಿ ಆದ ಬದಲಾವಣೆಗಳೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು. ಪ್ಯಾಂಟು ಬಿಟ್ಟು ಹಿಮ್ಮಡಿ ಮುಚ್ಚುವ ಹಾಗೆ ಪಂಚೆ ಉಡತೊಡಗಿದರು. ತಮ್ಮ ಬಟ್ಟೆ ತಾವೇ ಒಗೆದು ಹಿತ್ತಲಲ್ಲಿ ಒಣಗಿಸತೊಡಗಿದರು. ಮೊಮ್ಮಕ್ಕಳಿಲ್ಲದ ಮನೆಯಲ್ಲಿ ಡಬ್ಬಗಟ್ಟಲೆ ಪೌಡರ್ ಖರ್ಚಾಗತೊಡಗಿತು. ನಾನು ಅದಕ್ಕೆಲ್ಲ ವ್ರತ ಎಂದು ಹೆಸರಿಟ್ಟೆ. ಮೊಸಾಯಿಕ್ ನೆಲದ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಸಣ್ಣ ಕಲೆಗಳು ಸಿಗುತ್ತಿದ್ದವು. ಕಬ್ಬಿಣದ ಕುರ್ಚಿಯ ತುಕ್ಕು ಎಂದುಕೊಂಡು ಒರೆಸಿದೆ.

ಮತ್ತು ವಾಸನೆ. ಸಿಹಿಯಾದ, ಕೊಳೆತ, ಗಂಟಲಿಗೆ ಅಂಟುವ ವಾಸನೆ. ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಹೆಚ್ಚು.

"ಈ ಬೇಸಿಗೇಲಿ ನದಿ ತುಂಬಾ ಕೆಟ್ಟಿದೆ ಅಲ್ವಾ?" ಎಂದೆ ಲಾರೆನ್ಸ್‌ಗೆ.

"ನೀರು ಕಡಿಮೆಯಾದ್ರೆ ಹಂಗೇ. ಕಿಟಕಿ ಹಾಕು."

ಹಾಕಿದೆ. ವಾಸನೆಯನ್ನು ಒಳಗೇ ಕೂಡಿಹಾಕಿಕೊಂಡು ನಾವು ಮೂವರೂ ಊಟ ಮಾಡಿದೆವು. ಒಂದು ದಿನ ಇಲಿ ಸತ್ತಿರಬಹುದು ಎಂದು ಚಪ್ಪಲಿ ಗೂಡನ್ನೆಲ್ಲ ಹೊರಗೆಳೆದು ಹುಡುಕಿದೆ. ಮಾವ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. "ಏನೂ ಸಿಗಲ್ಲ ಬಿಡಮ್ಮ, ನದೀದೇ ಇರ್ಬೇಕು" ಎಂದರು. ಅವರಿಗೆ ಆಗ ಎಷ್ಟು ಗೊತ್ತಿತ್ತು ಎಂದು ಆಮೇಲೆ ಕೇಳಿದ್ದೇನೆ. ಗಾಯವಾಗಿದೆ ಎಂದು ಗೊತ್ತಿತ್ತಂತೆ. ವಾಸನೆ ತಮ್ಮದೇ ಎಂದು ಅನುಮಾನವಿತ್ತಂತೆ. ನೋವಿಲ್ಲವಲ್ಲ, ಈಸ್ಟರ್‌ಗೆ ಇನ್ನೆಷ್ಟು ದಿನ, ಮುಗಿಸಿಕೊಂಡೇ ತೋರಿಸೋಣ ಎಂದುಕೊಂಡರಂತೆ.

ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಪೂಜೆಯ ಕೊನೆಗೆ ಫಾದರ್ ಜಯರಾಜ್ ಹೆಸರುಗಳನ್ನು ಓದಿದರು. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರ ಪಟ್ಟಿ. ಐದನೆಯ ಹೆಸರು ಚೌರಪ್ಪ. "ನಲವತ್ತು ದಿನ ಬರಿಗಾಲಲ್ಲಿ ನಡೆದಿರೋ ಹಿರಿಯರು" ಎಂದೂ ಸೇರಿಸಿದರು. ಎಲ್ಲರೂ ತಿರುಗಿ ನೋಡಿದರು. ಮಾವ ತಲೆ ತಗ್ಗಿಸಿದರು. ವಿನಯ ಎಂದುಕೊಂಡೆ. ಹೆದರಿಕೆಯಾಗಿತ್ತು ಅದು.

ಓದುವವರಿಗೆ ಈ ಪದ್ಧತಿಯ ಬಗ್ಗೆ ಎರಡು ಮಾತು ಹೇಳಬೇಕು. ಸಾಯುವ ಹಿಂದಿನ ಸಂಜೆ ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ತಮ್ಮ ಶಿಷ್ಯರ ಕಾಲು ತೊಳೆದರು ಎನ್ನುವುದರ ನೆನಪಿಗೆ, ವರ್ಷಕ್ಕೊಮ್ಮೆ ಚರ್ಚಿನ ಗುರುಗಳು ಹನ್ನೆರಡು ಜನರ ಮುಂದೆ ಮಂಡಿಯೂರಿ ಪಾದ ತೊಳೆದು ಒರೆಸುತ್ತಾರೆ. ನಮ್ಮ ತವರಿನಲ್ಲಿ ಜಂಗಮರು ಮನೆಗೆ ಬಂದರೆ ನಾವು ಅವರ ಪಾದ ತೊಳೆದು ಆ ನೀರನ್ನು ಭಕ್ತಿಯಿಂದ ತೆಗೆದುಕೊಳ್ಳುತ್ತೇವೆ. ಗುರುವೇ ಪ್ಲಂಬರ್ ಒಬ್ಬನ ಕಾಲ ಬಳಿ ಕೂತದ್ದನ್ನು ಮೊದಲ ವರ್ಷ ನೋಡಿದಾಗ ನನಗೆ ಏನೋ ತಲೆಕೆಳಗಾದ ಹಾಗೆ ಅನ್ನಿಸಿತ್ತು. ಆಗ ಮಾವ ಹೇಳಿದ್ದರು, "ನಿಮ್ಮಲ್ಲಿ ಶಿಷ್ಯ ಬಗ್ತಾನೆ. ನಮ್ಮಲ್ಲಿ ವರ್ಷಕ್ಕೆ ಒಂದಿನ ಗುರು ಬಗ್ತಾನೆ. ಮಿಕ್ಕಿದ ದಿನ ನಾವೂ ನಿಮ್ಮ ಥರಾನೇ ಬಿಡು."

ಇನ್ನೊಂದು ವಿಷಯವೂ ಇದೆ. ತೊಳೆಸಿಕೊಳ್ಳುವವರೆಲ್ಲ ಮನೆಯಲ್ಲೇ ಚೆನ್ನಾಗಿ ಕಾಲು ತೊಳೆದುಕೊಂಡು ಬಂದಿರುತ್ತಾರೆ. ಗುರುಗಳಿಗೆ ಕೊಳೆ ಕಾಲು ಕೊಡುವುದು ಹೇಗೆ ಎನ್ನುವ ನಾಚಿಕೆ. ಪಟ್ಟಿಯಲ್ಲಿದ್ದ ನಮ್ಮ ಪಕ್ಕದ ಮನೆಯ ಅಂತೋಣಣ್ಣ ಬುಧವಾರ ಮೈಸೂರು ರಸ್ತೆಯ ಪಾರ್ಲರಿಗೆ ಹೋಗಿ ಕಾಲು ಉಜ್ಜಿಸಿಕೊಂಡು, ಉಗುರು ತಿದ್ದಿಸಿಕೊಂಡು ಬಂದಿದ್ದರು. ಕಾಂಪೌಂಡಿನ ಆಚೆಯಿಂದ ಅವರ ಹೆಂಡತಿ ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದರು, "ಇವರ ಕಾಲಿಗೆ ಬಂದ ಭಾಗ್ಯ ನನ್ನ ಮುಖಕ್ಕೂ ಬಂದಿಲ್ಲ ಕಣೇ ಗಿರಿಜಾ!"

ಮಾವ ಅವತ್ತು ಜಗಲಿಯಿಂದಲೇ ಅಂತೋಣಣ್ಣನನ್ನು ಕೇಳಿದರು, "ಬಲಗಾಲೊಂದೇ ತಾನೆ ತೊಳೆಯೋದು?"

"ಇನ್ನೇನು ಚೌರಪ್ಪಣ್ಣ, ಎರಡೂ ತೊಳೆಯೋಕೆ ಅದೇನು ಮದುವೆ ಶಾಸ್ತ್ರಾನಾ? ಬಲಗಾಲೊಂದೇ. ನಾನು ಪಾರ್ಲರಲ್ಲಿ ಎರಡಕ್ಕೂ ಕೊಟ್ಟು ಮೋಸ ಹೋದೆ."

ಮಾವ ನಕ್ಕರು. ನಾನೂ ನಕ್ಕೆ. ಈಗ ಆ ಪ್ರಶ್ನೆ ನೆನಪಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಅಷ್ಟು ಹತ್ತಿರದಲ್ಲಿ, ಅಷ್ಟು ಸ್ಪಷ್ಟವಾಗಿ ಕೇಳಿದ್ದೆ.

ಗುರುವಾರ ಮಧ್ಯಾಹ್ನ ಆ ಬೇಸಿಗೆಯ ಮೊದಲ ಮಳೆ ಸುರಿದು ನಿಂತಿತ್ತು. ಸಂಜೆ ಆರರ ಪೂಜೆಗೆ ಹೋದಾಗ ಚರ್ಚಿನ ಅಂಗಳದಲ್ಲಿ ಒದ್ದೆ ಮಣ್ಣಿನ ಪರಿಮಳ. ಒಳಗೆ ಧೂಪ, ಮಲ್ಲಿಗೆ, ಇಸ್ತ್ರಿ ಬಟ್ಟೆ. ಪೀಠದ ಮುಂದೆ ಹನ್ನೆರಡು ಕುರ್ಚಿಗಳು. ಮಾವ ಐದನೆಯದರಲ್ಲಿ ಕೂತಿದ್ದರು, ಬಲಗಾಲು ಮುಂದೆ, ಎಡಗಾಲು ಕುರ್ಚಿಯ ಕೆಳಗೆ, ಅದರ ಮೇಲೆ ಪಂಚೆಯ ಅಂಚು. ನಾವು ಮೂರನೆಯ ಸಾಲಿನಲ್ಲಿದ್ದೆವು. ಅವರು ನಡುಗುತ್ತಿದ್ದರು. ಮಳೆಯ ಚಳಿ ಇರಬೇಕು ಎಂದು ಲಾರೆನ್ಸ್ ಪಿಸುಗುಟ್ಟಿದರು.

ಫಾದರ್ ಮೇಲುಡುಪು ತೆಗೆದಿಟ್ಟು ಟವೆಲ್ ಕಟ್ಟಿಕೊಂಡರು. ನಲವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ಒಬ್ಬೊಬ್ಬರ ಮುಂದೆ ಮಂಡಿಯೂರಿ, ಬೇಸಿನ್ ಇಟ್ಟು, ಹೂಜಿಯಿಂದ ನೀರು ಹಾಕಿ, ಒರೆಸಿ, ಪಾದಕ್ಕೆ ಮುತ್ತಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಗಾಯನ ತಂಡದ ಹಾಡಿನ ಲೆಕ್ಕವೂ ಅದಕ್ಕೆ ಸರಿಯಾಗಿತ್ತು, ಒಂದು ಚರಣಕ್ಕೆ ಒಂದು ಕಾಲು. ನಾಲ್ಕನೆಯವರಾದ ಅಂತೋಣಣ್ಣನ ಕಾಲು ದೀಪದ ಬೆಳಕಿನಲ್ಲಿ ಹೊಳೆಯಿತು.

ಮಾವನ ಸರದಿ. ಬಲಗಾಲು ತೊಳೆದರು. ಒರೆಸಿದರು. ಮುತ್ತಿಡಲು ಬಗ್ಗಿದವರು ಬಗ್ಗಿದ ಹಾಗೇ ನಿಂತುಬಿಟ್ಟರು.

ನಿಧಾನವಾಗಿ ತಲೆಯೆತ್ತಿ ಏನೋ ಕೇಳಿದರು. ಮಾವ ತಲೆಯಾಡಿಸಿದರು, ಬೇಡ ಎನ್ನುವಂತೆ. ಫಾದರ್ ಮತ್ತೆ ಕೇಳಿದರು. ಮಾವ ಎರಡೂ ಕೈಗಳಿಂದ ಪಂಚೆಯನ್ನು ಕೆಳಕ್ಕೆ ಒತ್ತಿ ಹಿಡಿದರು. ಚರಣ ಮುಗಿಯಿತು. ಹಾಡುವವರು ಮುಂದಿನದಕ್ಕೆ ಹೋಗುವುದೋ ಬಿಡುವುದೋ ತಿಳಿಯದೆ ಅದನ್ನೇ ಇನ್ನೊಮ್ಮೆ ಹಾಡಿದರು. ಅದೂ ಮುಗಿಯಿತು. ಕೀಬೋರ್ಡಿನ ಹುಡುಗಿ ಮಾತ್ರ ಒಂದೇ ಸ್ವರ ಒತ್ತಿ ಹಿಡಿದಿದ್ದಳು.

ಮುಂದಿನ ಸಾಲಿನವರಿಗೆ ಮಾತು ಕೇಳುವಷ್ಟು ನಿಶ್ಶಬ್ದ. ನಮಗೂ ಕೇಳಿತು.

"ಎಡಗಾಲು ಕೊಡಿ, ಚೌರಪ್ಪನೋರೆ."

"ಬೇಡ ಸ್ವಾಮಿ. ಬಲಗಾಲು ಆಯ್ತಲ್ಲ."

"ಕೊಡಿ."

"ಎಲ್ಲರ ಮುಂದೆ ಬೇಡ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೇ ಬಿದ್ದಿದೀನಲ್ಲ" ಎಂದರು ಫಾದರ್. "ನೀವು ಕೊಡೋವರೆಗೂ ನಾನು ಏಳಲ್ಲ."

ಅವರು ನಿಜವಾಗಿಯೂ ಏಳಲಿಲ್ಲ. ಎಷ್ಟು ಹೊತ್ತು? ಲಾರೆನ್ಸ್ ಒಂದು ನಿಮಿಷ ಎನ್ನುತ್ತಾರೆ. ನನ್ನ ತಲೆಯಲ್ಲಿ ಅದು ಇನ್ನೂ ಮುಗಿದಿಲ್ಲ. ಮೊದಲು ಆ ಬೆರಳುಗಳ ಬಿಗಿ ಸಡಿಲವಾಯಿತು, ಆಮೇಲೆ ಪಂಚೆಯ ಅಂಚು ಕದಲಿತು, ಆಮೇಲೆ ಎಡಗಾಲು ಕುರ್ಚಿಯ ಕೆಳಗಿನಿಂದ ಹೊರಗೆ ಬಂತು.

ಕಿರುಬೆರಳು ಮತ್ತು ಅದರ ಪಕ್ಕದ್ದು ಇದ್ದಿಲಿನ ಹಾಗೆ ಕಪ್ಪಗಿದ್ದವು. ಪಾದದ ಅಂಚು ಊದಿ ಹೊಳೆಯುತ್ತಿತ್ತು. ಅಂಗಾಲಿನಲ್ಲಿ ಒಂದು ತೂತು. ವಾಸನೆ ಮೂರನೆಯ ಸಾಲಿಗೆ ಬಂದು ಮುಟ್ಟಿದಾಗ ನನಗೆ ಗುರುತು ಸಿಕ್ಕಿತು. ನಮ್ಮ ಮನೆಯ ವಾಸನೆ ಅದು. ಎರಡು ವಾರದಿಂದ ನಾನು ಕಿಟಕಿ ಮುಚ್ಚಿ ಹೊರಗಿಟ್ಟಿದ್ದೇನೆ ಎಂದುಕೊಂಡಿದ್ದ ವಾಸನೆ.

ಫಾದರ್ ಮುಖ ಸಿಂಡರಿಸಲಿಲ್ಲ. ಆ ಕಾಲಿನ ಕೆಳಗೆ ತಮ್ಮ ಸೊಂಟದ ಟವೆಲ್ ಬಿಚ್ಚಿ ಹಾಸಿದರು. ಹೂಜಿಯಲ್ಲಿ ಉಳಿದಿದ್ದ ಬೆಚ್ಚಗಿನ ನೀರನ್ನು ತುಂಬ ಮೆಲ್ಲಗೆ ಹಾಕಿದರು. ಒರೆಸಲಿಲ್ಲ. ತಿರುಗಿ, "ಲಾರೆನ್ಸ್, ಕಾರು ಬಾಗಿಲಿಗೆ ತನ್ನಿ" ಎಂದರು. ಮತ್ತೆ ಮಾವನ ಕಡೆ ನೋಡಿ, "ಇದನ್ನ ನಾನು ತೊಳೆದ್ರೆ ಸಾಲದು. ತೊಳೆಯೋಕೆ ಗೊತ್ತಿರೋರ ಹತ್ರ ಹೋಗಿ. ನಾನು ಪೂಜೆ ಮುಗಿಸಿ ಬರ್ತೀನಿ" ಎಂದರು.

ಅಂತೋಣಣ್ಣ ಮತ್ತು ಲಾರೆನ್ಸ್ ಮಾವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ನಡುದಾರಿಯಲ್ಲಿ ಜನ ಎದ್ದು ನಿಂತು ಜಾಗ ಬಿಟ್ಟರು. ನಾನು ಹಿಂದೆ ಮಾವನ ಕನ್ನಡಕ ಹಿಡಿದುಕೊಂಡು ಓಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ವಯಸ್ಸಾದ ಹೆಂಗಸು. ನೋಡಿದವರೇ ನಮ್ಮನ್ನು ಬದಿಗೆ ಕರೆದು ಹೇಳಿದರು, "ಇನ್ನೆರಡು ದಿನ ಬಿಟ್ಟಿದ್ರೆ ಮೊಣಕಾಲಿನವರೆಗೆ ತೆಗೆಯೋ ಬಗ್ಗೆ ಮಾತಾಡ್ತಿದ್ವಿ. ಇಲ್ಲಾ, ಮಾತಾಡೋಕೇ ಏನೂ ಉಳೀತಿರ್ಲಿಲ್ಲ. ನಂಜು ಮೇಲಕ್ಕೆ ಹತ್ತೋಕೆ ಶುರುವಾಗಿದೆ. ಮನೇಲಿ ಯಾರೂ ನೋಡ್ಲಿಲ್ವಾ?"

ಮೂರು ವಾರದ ಹಿಂದೆ ಮೊಳೆಯೊಂದು ಚುಚ್ಚಿತ್ತಂತೆ. ಚುಚ್ಚಿದ್ದು ಅವರಿಗೆ ತಿಳಿದದ್ದು ರಸ್ತೆಯ ಮೇಲೆ ರಕ್ತ ನೋಡಿದ ಮೇಲೆ. ಡಾಕ್ಟರು ಒಂದು ತೆಳುವಾದ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, "ಗೊತ್ತಾಗುತ್ತಾ? ಇಲ್ಲಿ? ಇಲ್ಲಿ?" ಎಂದು ಕೇಳಿದರು. ಮಾವ ಕಣ್ಣು ಮುಚ್ಚಿಕೊಂಡು ಪ್ರತಿ ಸಲವೂ ಇಲ್ಲ, ಇಲ್ಲ ಎನ್ನುತ್ತಿದ್ದರು. ಹಿಮ್ಮಡಿಯ ಹತ್ತಿರ ಬಂದಾಗ ಮಾತ್ರ "ಹ್ಞಾಂ" ಎಂದರು.

"ನೋಡಿ, ನೋವಿಲ್ಲ ಅಂತ ಖುಷಿಪಟ್ಟಿದ್ರಲ್ಲ" ಎಂದರು ಡಾಕ್ಟರು. "ಅಲ್ಲಿ ನಿಮ್ಮ ನರ ಮಾತು ಬಿಟ್ಟಿತ್ತು, ಅಷ್ಟೆ."

ಮಾವ ಕಣ್ಣು ತೆರೆಯಲಿಲ್ಲ. ಕೃಪೆ ಎಂದು ತಾವು ಕರೆದಿದ್ದು ಏನು ಎಂದು ಅವರಿಗೆ ಆಗ ತಿಳಿಯಿತು. ನನಗೂ.

ಪೂಜೆ ಮುಗಿಸಿ ಫಾದರ್ ಬಂದರು. ಅಂಗಿಯ ತೋಳು ಇನ್ನೂ ಒದ್ದೆ. ಮರುದಿನ ಬೆಳಿಗ್ಗೆ ಆಪರೇಷನ್ ಎಂದು ತೀರ್ಮಾನವಾಗಿತ್ತು. ಆಗ ಮಾವ, ಲಾರೆನ್ಸ್‌ಗೆ ಕೊಡದ ರಶೀದಿಯನ್ನು ಕೊಟ್ಟರು.

ಕ್ರಿಸ್ಮಸ್ ಬೆಳಿಗ್ಗೆಯ ಪೂಜೆಗೆ ಒಂದು ಕುಟುಂಬ ಬಂದಿತ್ತಂತೆ. ರಾಯಚೂರು ಕಡೆಯ ಗಾರೆ ಕೆಲಸದವರು, ಗಂಡ, ಹೆಂಡತಿ, ಕಂಕುಳಲ್ಲಿ ಕೂಸು. ಗುಡಿ ಎಂದು ಚಪ್ಪಲಿ ಗೇಟಿನಲ್ಲೇ ಬಿಟ್ಟು ಬಂದಿದ್ದರು. ಬಿರುಕು ಬಿಟ್ಟ ಕಾಲಿನ ತುಂಬ ಸಿಮೆಂಟು. ಅವತ್ತು ಹೊಸ ಕಾರ್ಪೆಟ್ ಹಾಸಿತ್ತು. ಬಾಗಿಲಲ್ಲಿ ಮಾವ. "ಕಾಲು ತೊಳ್ಕೊಂಡ್ ಬನ್ರಪ್ಪ" ಎಂದರು. ಹೊರಗಿನ ನಲ್ಲಿಯಲ್ಲಿ ನೀರಿರಲಿಲ್ಲ. ಅದು ಮಾವನಿಗೂ ಗೊತ್ತಿತ್ತು. ಆ ಮನುಷ್ಯ ಎದುರಾಡದೆ ನಕ್ಕು, ಪೂಜೆ ಮುಗಿಯುವವರೆಗೆ ಹೊರಗೇ ನಿಂತು, ಹೊರಗಿನಿಂದಲೇ ಕೈಮುಗಿದು ಹೋದ.

"ಅವತ್ತು ಏನೂ ಅನ್ನಿಸ್ಲಿಲ್ಲ ಸ್ವಾಮಿ. ಜನವರೀಲಿ ಕ್ರಿಸ್ಮಸ್ ಗೋದಲಿಯ ಬೊಂಬೆಗಳನ್ನ ಪೇಪರಲ್ಲಿ ಸುತ್ತಿ ಇಡ್ತಾ ಇದ್ದೆ. ಕುರಿ ಕಾಯೋರ ಬೊಂಬೆ ಕೈಗೆ ಬಂತು. ಎಲ್ಲರೂ ಬರಿಗಾಲು. ಇಷ್ಟು ವರ್ಷ ಸುತ್ತಿಟ್ಟಿದೀನಿ, ಕಣ್ಣಿಗೇ ಬಿದ್ದಿರ್ಲಿಲ್ಲ. ಆ ಗಂಡ ಹೆಂಡ್ತಿ ಮಲ್ಲತ್ತಹಳ್ಳಿ ಕೆರೆ ಹತ್ರ ಕೆಲಸ ಮಾಡ್ತಿದ್ರಂತೆ. ಮೂರು ಸಲ ಹೋದೆ. ಕಟ್ಟಡ ಮುಗಿದಿದೆ, ಹೋದ್ರು ಅಂದ ವಾಚ್‌ಮನ್ನು. ಇನ್ನೇನ್ ಮಾಡ್ಲಿ? ನಾನೂ ಬರಿಗಾಲಲ್ಲಿ ಇರ್ತೀನಿ ಅಂದ್ಕೊಂಡೆ."

ಫಾದರ್ ಹಾಸಿಗೆಯ ಅಂಚಿನಲ್ಲಿ ಕೂತರು. ಸಮಾಧಾನದ ಮಾತು ಹೇಳುತ್ತಾರೆ ಎಂದುಕೊಂಡೆ.

"ಅವರನ್ನ ಹೊರಗೆ ನಿಲ್ಲಿಸಿದ್ದು ತಪ್ಪೇ. ಆಮೇಲೆ ನಿಮ್ಮ ಕಾಲನ್ನೂ ಹೊರಗೆ ನಿಲ್ಲಿಸಿದ್ರಿ" ಎಂದರು. "ನೋವನ್ನ ದೇವರಿಗೆ ಒಪ್ಪಿಸೋದು ಬೇರೆ, ಬಚ್ಚಿಡೋದು ಬೇರೆ, ಚೌರಪ್ಪನೋರೆ. ಯೇಸುಸ್ವಾಮಿ ನೋವನ್ನ ಹುಡ್ಕೊಂಡ್ ಹೋಗ್ಲಿಲ್ಲ. ಇದೇ ಗುರುವಾರ ಸಾಯಂಕಾಲ ತೋಟದಲ್ಲಿ ಕೂತು, ಇದು ತಪ್ಪಿಹೋಗೋದಾದ್ರೆ ತಪ್ಪಿಹೋಗ್ಲಿ ಅಂತ ಬೇಡ್ಕೊಂಡ್ರು. ಜೊತೆಗೆ ಕೂತಿರಿ ಅಂತ ಶಿಷ್ಯರನ್ನ ಕೇಳ್ಕೊಂಡ್ರು. ನೀವು ಪಕ್ಕದ ರೂಮಲ್ಲಿದ್ದ ಸೊಸೆಗೂ ಹೇಳ್ಲಿಲ್ಲ."

ಮಾವ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ಬರಿಗಾಲಲ್ಲಿ ನಡೆದು ನಾನೇನೂ ಸಣ್ಣೋನಾಗ್ಲಿಲ್ಲ ಕಣಮ್ಮ. ದಿನಾ ಇಷ್ಟಿಷ್ಟು ದೊಡ್ಡೋನಾಗ್ತಿದ್ದೆ. ಜನ ನೋಡ್ತಿದ್ರಲ್ಲ. ಎಡಗಾಲು ಕೊಡಿ ಅಂದ್ರು ನೋಡು, ಆವಾಗ... ಆವಾಗ ಆ ಮನುಷ್ಯ ಬಾಗಿಲಲ್ಲಿ ಹೆಂಗೆ ನಿಂತಿದ್ದ ಅಂತ ಗೊತ್ತಾಯ್ತು."

ಶುಭ ಶುಕ್ರವಾರ ಬೆಳಿಗ್ಗೆ ಎರಡು ಬೆರಳುಗಳನ್ನೂ ಪಾದದ ಅಂಚನ್ನೂ ತೆಗೆದರು. ಕಾಲು ಉಳಿಯುತ್ತದೋ ಇಲ್ಲವೋ ಇನ್ನೆರಡು ದಿನ ನೋಡಬೇಕು ಎಂದರು. ಆ ಶನಿವಾರದ ಬಗ್ಗೆ ಹೇಳುವುದು ಕಷ್ಟ. ಚರ್ಚಿನಲ್ಲಿ ಅವತ್ತು ರಾತ್ರಿಯವರೆಗೆ ಏನೂ ಇರುವುದಿಲ್ಲ. ಪೀಠ ಬರಿದು, ಗಂಟೆ ಮೌನ. ಬಟ್ಟೆ ತರಲು ಮನೆಗೆ ಬಂದವಳು ಮುಂದಿನ ಕೋಣೆಯ ಕಿಟಕಿಗಳನ್ನೆಲ್ಲ ತೆರೆದೆ. ಮಾವನ ಮಂಚದ ಕೆಳಗೆ ಒಗೆದು ಮಡಿಸಿಟ್ಟ ಬಟ್ಟೆಯ ಪಟ್ಟಿಗಳು ಸಿಕ್ಕವು. ಅರಿಶಿನದ ಕಲೆ ಹೋಗಿರಲಿಲ್ಲ. ನಮ್ಮ ಅಮ್ಮ ಫೋನ್ ಮಾಡಿದರು. ಮದುವೆಯಾದ ಮೇಲೆ ಮಾವನ ಹೆಸರೆತ್ತಿ ಮಾತಾಡಿದವರಲ್ಲ. "ಲಿಂಗಪೂಜೆ ಮಾಡಿ ಅವರ ಹೆಸರಲ್ಲಿ ಬೇಡ್ಕೊಂಡಿದೀನಿ. ಅವರಿಗೆ ಹೇಳ್ಬೇಡ, ಏನಾದ್ರೂ ಅಂದ್ಕೊಂಡಾರು" ಎಂದರು. ನಾನು ಪಟ್ಟಿಗಳನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತೆ.

ಈಸ್ಟರ್ ಭಾನುವಾರ ಬೆಳಿಗ್ಗೆ ಡಾಕ್ಟರು ಬ್ಯಾಂಡೇಜ್ ಬಿಚ್ಚಿ ಬಹಳ ಹೊತ್ತು ನೋಡಿದರು. ಪಾದದ ಮೇಲ್ಭಾಗವನ್ನು ಒತ್ತಿದರು. ಗಾಯದ ಅಂಚು ಕೆಂಪಗಿತ್ತು. "ರಕ್ತ ಬರ್ತಾ ಇದೆ, ಒಳ್ಳೇದು. ಕಾಲು ಉಳೀತು" ಎಂದರು. ಲಾರೆನ್ಸ್ ಫಾದರ್ ಜಯರಾಜ್ ಅವರಿಗೆ ಫೋನ್ ಮಾಡಲು ಹೊರಗೆ ಓಡಿದರು. ಮಾವ ಮಾತ್ರ ಕೇಳಿದ್ದು, "ಮೇಡಂ, ಶೂ ಹಾಕ್ಬೋದಾ?"

"ಬರಿಗಾಲಲ್ಲಿ ಬಾತ್‌ರೂಮಿಗೂ ಹೋಗೋ ಹಾಗಿಲ್ಲ" ಎಂದರು ಡಾಕ್ಟರು. "ಇದೇ ನಿಮ್ಮ ವ್ರತ, ಜೀವ ಇರೋವರೆಗೆ."

ಒಂದು ವರ್ಷವಾಯಿತು. ಈಗಲೂ ನಾನು ಮನಸ್ಸಿನಲ್ಲೇ ಆ ಐದನೆಯ ಕುರ್ಚಿಯ ಮುಂದೆ ನಿಂತು ಲೆಕ್ಕ ಹಾಕುತ್ತೇನೆ. ಫಾದರ್‌ಗೆ ಅವತ್ತು ನೆಗಡಿಯಾಗಿದ್ದರೆ? ಮಾವನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ? ಎಲ್ಲರಂತೆ ಬಲಗಾಲಿಗೆ ಮುತ್ತಿಟ್ಟು ಮುಂದೆ ಹೋಗಿದ್ದರೆ? ಒಂದು ಚರಣಕ್ಕೆ ಒಂದು ಕಾಲು, ಹಾಡು ಸರಿಯಾಗಿ ಮುಗಿದುಬಿಟ್ಟಿದ್ದರೆ? ಉತ್ತರ ಪ್ರತಿ ಸಲವೂ ಒಂದೇ. ಹಾಗಾಗಿ ಸಂಜೆ ಕಾಲೇಜಿನಿಂದ ಬಂದ ಕೂಡಲೇ ಬೇಸಿನ್ ತರುತ್ತೇನೆ. ಮೊದಮೊದಲು ಮಾವ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ನೀನು ತೊಳೆಯೋದಾ? ಛೆ, ಬೇಡಮ್ಮ" ಎನ್ನುತ್ತಿದ್ದರು. "ನೀವು ಕೊಡೋವರೆಗೂ ನಾನು ಏಳಲ್ಲ" ಎಂದು ಫಾದರ್ ಧಾಟಿಯಲ್ಲಿ ಹೇಳಿದ ಮೇಲೆ ನಕ್ಕು ಕೊಟ್ಟರು. ಕೊಡುವುದು ಅವರಿಗೆ ತೊಳೆಯುವುದಕ್ಕಿಂತ ಕಷ್ಟದ ಕೆಲಸ. ಈಗಲೂ ಕೊಡುವಾಗ ಒಂದು ಕ್ಷಣ ತಡೆಯುತ್ತಾರೆ.

ಅಂಗಾಲಿಗೆ ಕೈಕನ್ನಡಿ ಹಿಡಿದು ನೋಡುತ್ತೇನೆ. ಆಮೇಲೆ ಪರೀಕ್ಷೆ. ಡಾಕ್ಟರ ನೈಲಾನ್ ಎಳೆಯ ಬದಲು ನಮ್ಮಲ್ಲಿ ಹತ್ತಿಯ ಬತ್ತಿ. ಅಮ್ಮ ದೀಪಕ್ಕೆಂದು ಹೊಸೆಯುವ ಬತ್ತಿಗಳಲ್ಲಿ ಒಂದು ಕಟ್ಟು ಪ್ರತಿ ತಿಂಗಳು ಬಸವೇಶ್ವರನಗರದಿಂದ ಮಾವನ ಕಾಲಿಗೆಂದೇ ಬರುತ್ತದೆ. ಚರ್ಚಿನ ಬಾಗಿಲಲ್ಲಿ ಮಾವ ಈಗಲೂ ನಿಲ್ಲುತ್ತಾರೆ, ಮೆತ್ತನೆ ಅಡಿಯ ದಪ್ಪ ಚಪ್ಪಲಿ ಹಾಕಿಕೊಂಡು. ಹೊರಗಿನ ನಲ್ಲಿಯನ್ನು ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಿದ್ದಾರೆ. ಆದರೆ ಯಾರಿಗೂ ಕಾಲು ತೊಳೆದು ಬನ್ನಿ ಎನ್ನುವುದಿಲ್ಲ. ರಾಯಚೂರಿನ ಆ ಮನುಷ್ಯ ಮತ್ತೆ ಬಂದಿಲ್ಲ. ಮಾವ ನೋಡುತ್ತಲೇ ಇರುತ್ತಾರೆ.

ಮೊನ್ನೆ ಮೆಟ್ರೋ ಮೆಟ್ಟಿಲಿನಿಂದ ಓಡಿಬಂದು ಕಾಲು ತೋರಿಸಿ ಎಂದೆನಲ್ಲ, ಆಗ ಮಾವ ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿ ಏನೂ ಕೇಳದೆ ಎಡಗಾಲು ಚಾಚಿದರು. ಕನ್ನಡಿ ಹಿಡಿದೆ. ಚರ್ಮ ಒಣಗಿ, ಸ್ವಚ್ಛವಾಗಿತ್ತು. ಸಮಾಧಾನವಾಗದೆ ಅಂಚನ್ನೆಲ್ಲ ಒತ್ತುತ್ತಾ ಬಂದು, ಹಿಮ್ಮಡಿಯ ಹತ್ತಿರ ಸ್ವಲ್ಪ ಜೋರಾಗಿಯೇ ಒತ್ತಿದೆ.

"ಅಯ್ಯೋ! ನೋಯುತ್ತೆ ಕಣಮ್ಮ, ಮೆಲ್ಲಗೆ!"

ನಾನು ನಕ್ಕುಬಿಟ್ಟೆ. ಅಡುಗೆಮನೆಯಿಂದ ಲಾರೆನ್ಸ್ ಸೌಟು ಹಿಡಿದೇ ಓಡಿ ಬಂದರು. "ಏನಾಯ್ತು?"

"ಮಾವಂಗೆ ನೋವಾಯ್ತಂತೆ."

"ಹೌದಾ? ಎಲ್ಲಿ, ಎಲ್ಲಿ? ಇನ್ನೊಂದ್ ಸಲ ಒತ್ತು."

"ನಿಮ್ಮ ಮನೆ ಹಾಳಾಗ" ಎಂದರು ಮಾವ, ಕಾಲು ಎಳೆದುಕೊಳ್ಳದೆ. "ನೋವಾದ್ರೆ ಹಬ್ಬ ಮಾಡೋರು ಇಡೀ ಕೆಂಗೇರೀಲಿ ನೀವಿಬ್ಬರೇ."

ಅಷ್ಟರಲ್ಲಿ ಗಾಳಿ ತಿರುಗಿ ಆ ವಾಸನೆ ಒಳಗೆ ಬಂತು. ಮೂವರ ಕಣ್ಣೂ ನನ್ನ ಮಡಿಲಲ್ಲಿದ್ದ ಪಾದದ ಮೇಲೆ. ನಾನು ಬಗ್ಗಿ, ಹತ್ತಿರದಿಂದ ಮೂಸಿ ನೋಡಿದೆ. ಸೋಪಿನ ವಾಸನೆ.

"ಇದು ನದೀದೇ ಕಣಮ್ಮ" ಎಂದರು ಮಾವ.

ನಾನು ಎದ್ದು ಕಿಟಕಿ ಮುಚ್ಚಿದೆ.